ಹುಲಿಗೆಮ್ಮಕ್ಕ ಕೇಳಿದ ಲೆಕ್ಕ

ಹುಲಿಗೆಮ್ಮಕ್ಕನಿಗೆ ಪಿಸುಮಾತು ಬರುತ್ತಿರಲಿಲ್ಲ. ಸಿಂಧನೂರಿನಲ್ಲಿ ನನ್ನ ಮೋಟಾರ್ ರಿಪೇರಿ ಅಂಗಡಿಯ ಪಕ್ಕದಲ್ಲೇ ಆಕೆಯ ಚೀಲದಂಗಡಿ. ಹರಿದ ಗೋಣಿಚೀಲ ಹೊಲಿದು ಅಕ್ಕಿ ಗಿರಣಿಗಳಿಗೆ ಕೊಡುತ್ತಿದ್ದಳು. ಯಾರಾದರೂ ಗುಟ್ಟು ಹೇಳಲು ಕಿವಿಯ ಹತ್ತಿರ ಬಂದರೆ, "ದೂರ ನಿಂತು ಹೇಳು, ಕೇಳಸ್ತೈತಿ" ಎಂದು ಇಡೀ ಬಜಾರಿಗೆ ಕೇಳುವಂತೆ ಅನ್ನುವಳು.

ಮಸ್ಕಿ ರಸ್ತೆಯ ಗಿರಣಿ ಮಾಲೀಕ ವಿರುಪಣ್ಣ ಹಠಾತ್ತನೆ ತೀರಿಕೊಂಡಾಗ ನಮ್ಮಿಬ್ಬರಿಗೂ ಅಲ್ಲಿಂದ ಬಾಕಿ ಬರಬೇಕಿತ್ತು. ಹಮಾಲರ ಕೂಲಿಯೂ ನಿಂತಿತ್ತು. ವಿರುಪಣ್ಣನಿಗಿದ್ದವಳು ಕಾಲೇಜು ಓದುವ ಮಗಳೊಬ್ಬಳೇ. ಅವಳ ಒಪ್ಪಿಗೆಯ ಮೇಲೆ ಕೋರ್ಟು ಚಿಕ್ಕಪ್ಪ ಶರಣಪ್ಪನನ್ನು ಆಸ್ತಿಯ ಆಡಳಿತಗಾರನನ್ನಾಗಿ ನೇಮಿಸಿತು. ಸಾಲ ತೀರಿಸಿ, ಉಳಿದದ್ದನ್ನು ಹುಡುಗಿಗೆ ಒಪ್ಪಿಸುವುದು ಅವನ ಕೆಲಸ.

ಅವನು ಎರಡನ್ನೂ ಮಾಡಲಿಲ್ಲ. ಕೇಳಲು ಹೋದವರಿಗೆ, "ಸಾಲ ಮಾಡಿದಾಂವ ಸತ್ತಾನ, ಅಲ್ಲೇ ಹೋಗಿ ಕೇಳ್ರಿ" ಎಂದ. ಅಷ್ಟರಲ್ಲಿ ಗಿರಣಿಯ ಯಂತ್ರಗಳು ಒಂದೊಂದಾಗಿ ಮಾಯವಾಗುತ್ತಿವೆ ಎಂದು ಹಮಾಲರು ಸುದ್ದಿ ತಂದರು.

ಹುಲಿಗೆಮ್ಮಕ್ಕ ನನ್ನನ್ನೂ ಎಳೆದುಕೊಂಡು ಲಿಂಗಸುಗೂರಿನ ವಕೀಲರ ಬಳಿ ಹೋದಳು. "ಅವನಿಗೆ ಸಿಕ್ಕಿದ್ದು ಆಸ್ತಿ ಅಲ್ಲವ್ವ, ಹೊಣಿ. ಲೆಕ್ಕ ಕೇಳಬಹುದು, ಮಾರೂದು ತಡಿಬಹುದು, ಅವನ್ನ ತಗಿಸಬಹುದು. ಹಾಳು ಮಾಡಿದ್ದನ್ನ ಅವನ ಕಿಸೆದಿಂದನ ತುಂಬಿಸಬಹುದು" ಎಂದರು ಅವರು.

"ಎಲ್ಲಾನೂ ಕೇಳ್ರಿ" ಎಂದಳು.

ಯಂತ್ರಗಳನ್ನು ಸಾಗಿಸಕೂಡದೆಂದು ಕೋರ್ಟು ಆದೇಶಿಸಿದ ದಿನವೇ ಗಿರಣಿಯಿಂದ ಲಾರಿಯೊಂದು ಹೊರಡುತ್ತಿದೆಯೆಂದು ಫೋನು ಬಂತು. ಆಕೆಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಧಾವಿಸಿದೆ. ಗೇಟಿನಲ್ಲಿ ಲಾರಿ ಗುರುಗುಡುತ್ತಿತ್ತು. ಆಕೆ ನೇರ ಅದರ ಮುಂದೆ ಹೋಗಿ ನಿಂತಳು. ಡ್ರೈವರ್ ಹಾರ್ನ್ ಹೊಡೆದ. ಶರಣಪ್ಪ ಪಕ್ಕದ ಸೀಟಿನಿಂದ, "ಹೊಡಿಲೇ ಗಾಡಿ, ಸರೀತಾಳ" ಎಂದು ಕೂಗಿದ. ಲಾರಿ ಮುಂದೆ ಜರುಗಿತು. ಅದರ ಬಂಪರು ಆಕೆಯ ಸೆರಗಿಗೆ ತಾಗಿತು.

"ಏ ತಮ್ಮಾ, ಕೋರ್ಟಿನ ಹುಕುಂ ಆಗೈತಿ. ದಾಟಿಸಿದ್ರ ಅವನ ಜೋಡಿ ನೀನೂ ಒಳಗ ಹೋಗ್ತಿ!" ಎಂದು ಡ್ರೈವರನಿಗೆ ಕೂಗಿ ಹೇಳಿದಳು.

ಡ್ರೈವರ್ ಇಂಜಿನ್ ಆರಿಸಿ ಕೆಳಗಿಳಿದ. ಕೋರ್ಟಿನ ಅಮೀನ ಆದೇಶ ಹಿಡಿದು ಬರುವವರೆಗೂ ಆಕೆ ಆ ಬಿಸಿಲಲ್ಲಿ ಅಲ್ಲಿಂದ ಕದಲಲಿಲ್ಲ.

ಮುಂದಿನ ವಿಚಾರಣೆಯ ದಿನ ಕೋರ್ಟಿನ ವರಾಂಡದಲ್ಲಿ ಶರಣಪ್ಪ ಆಕೆಯನ್ನು ಮೂಲೆಗೆ ಕರೆದು ಏನೋ ಪಿಸುಗುಟ್ಟಿದ.

"ಏನಂದಿ? ಕೇಸು ಬಿಟ್ರ ನನಗೊಬ್ಬಾಕಿಗೆ ಪೂರಾ ಕೊಡ್ತೀಯಾ? ಹಮಾಲರಿಗೆ? ನಿಮ್ಮಣ್ಣನ ಮಗಳಿಗೆ ಏನ್ ಉಳಿಸ್ತಿ?"

ವರಾಂಡದಲ್ಲಿದ್ದವರೆಲ್ಲ ತಿರುಗಿದರು. ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದ ವಿರುಪಣ್ಣನ ಮಗಳು, ಅಲ್ಲಿಯವರೆಗೆ ಚಿಕ್ಕಪ್ಪನನ್ನೇ ನಂಬಿದ್ದವಳು, ನಿಧಾನವಾಗಿ ಬಂದು ಹುಲಿಗೆಮ್ಮಕ್ಕನ ಪಕ್ಕ ನಿಂತಳು.

ಶರಣಪ್ಪ ಲೆಕ್ಕ ಕೊಡಲಿಲ್ಲ. ಕೊಡುವಂಥ ಲೆಕ್ಕ ಅವನಲ್ಲಿರಲಿಲ್ಲ. ಕೋರ್ಟು ಅವನನ್ನು ತೆಗೆದು ಆ ಜಾಗಕ್ಕೆ ಒಬ್ಬ ವಕೀಲರನ್ನು ನೇಮಿಸಿತು. ಮಾರಿ ತಿಂದದ್ದನ್ನು ಅವನೇ ತುಂಬಬೇಕೆಂದಿತು. ಅವನು ಮಸ್ಕಿಯ ಪ್ಲಾಟು ಮಾರಬೇಕಾಯಿತು. ಹಮಾಲರಿಗೆ ಕೂಲಿ ಸಿಕ್ಕಿತು, ಮನೆ ಮಾರಿಸುವುದು ಬೇಡವೆಂದು ಬಾಕಿಯವರೆಲ್ಲ ಒಪ್ಪಿದ್ದರಿಂದ ಹುಡುಗಿಗೆ ಅದು ಉಳಿಯಿತು. ನಮಗೆ ಬಂದದ್ದು ಬಾಕಿಯ ಒಂದು ಪಾಲು ಮಾತ್ರ. ಅವನು ಪಿಸುಗುಟ್ಟಿದ್ದಕ್ಕಿಂತ ಅದು ಎಷ್ಟೋ ಕಡಿಮೆ.

"ಅಕ್ಕಾ, ಲುಕ್ಸಾನಾತಲ್ಲ?" ಎಂದೆ.

"ಆಗ್ಲಿ ಬಿಡು. ಆ ಹುಡುಗಿ ಎದುರಿಗೆ ಬಂದ್ರ ಮಾರಿ ತಪ್ಪಿಸ್ಕೊಂಡು ಹೋಗೂದು ತಪ್ಪಿತು."

ಮರುವರ್ಷ ಜ್ವರವೆಂದು ಮಲಗಿದ ಹುಲಿಗೆಮ್ಮಕ್ಕ ಮತ್ತೆ ಏಳಲಿಲ್ಲ. ದಿನಕರ್ಮ ಮುಗಿದ ಮೇಲೆ ಆಕೆಯ ಮಗಳು ರೇಣುಕಾ ಬಜಾರಿನ ಅಂಗಡಿ ಅಂಗಡಿಗೂ ಹೋಗುತ್ತಿರುವುದು ಕಂಡಿತು. ನನ್ನಲ್ಲಿಗೂ ಬಂದಳು.

"ನಮ್ಮವ್ವ ನಿಮಗೇನರ ಕೊಡೂದೈತೇನ್ರಿ ಅಣ್ಣಾ?"

"ಇಲ್ಲವ್ವ."

"ಖರೇ ಹೇಳ್ರಿ."

"ಖರೇನವ್ವ."

ತಲೆಯಾಡಿಸಿ, ನನ್ನ ಅಂಗಡಿಯ ಆಚೆಗಿನ ಅಂಗಡಿಯ ಮೆಟ್ಟಿಲು ಹತ್ತಿದಳು.