ವತನ ಇಲ್ಲದ ಕರೀಮಾಬಿ

ಮಸ್ಕಿಯಲ್ಲಿ ನನ್ನ ಹತ್ತಿ ಅಂಗಡಿ ಎದುರಿಗೇ ಪಿಂಜಾರ ಮಸ್ತಾನಸಾಬನ ಮನಿ. ಅವನು ಹತ್ತಿ ಹಿಂಜಿ ಕೊಟ್ಟರೆ ಹೆಂಡತಿ ಕರೀಮಾಬಿ ಗಾದಿ ಹೊಲಿಯುತ್ತಿದ್ದಳು. ಮನೆಮಾತು ಕನ್ನಡ. ಉರ್ದು ಯಾರಾದರೂ ಆಡಿದರೆ ತಲೆ ಅಲ್ಲಾಡಿಸುವಷ್ಟೇ ಆಕೆಗೆ ಗೊತ್ತು.

೧೯೫೧ರಲ್ಲಿ ಮಗಳು ಗುಲ್ಷನ್‌ಬೀಯ ಬಾಣಂತನಕ್ಕೆ ಕರಾಚಿಗೆ ಹೋದಳು. ಅಳಿಯನಿಗೆ ಅಲ್ಲಿ ನೌಕರಿ. ಆರು ತಿಂಗಳು ಅಂದಾಕೆ, ಕೂಸಿಗೆ ಜ್ವರ, ಮಗಳಿಗೆ ನಿಶ್ಶಕ್ತಿ ಅಂತ ಉಳಿದಳು. ಅಷ್ಟರೊಳಗೆ ಪಾಸ್‌ಪೋರ್ಟ್ ಕಾಯ್ದೆ ಬಂತು. ಅದಿಲ್ಲದೆ ಗಡಿ ದಾಟುವಂತಿರಲಿಲ್ಲ, ಅಲ್ಲಿಯದನ್ನೇ ಮಾಡಿಸಿಕೊಂಡಳು. ೧೯೫೫ರ ಬ್ಯಾಸಿಗೆಯಲ್ಲಿ ಬಸ್ಸಿನಿಂದ ಇಳಿದಾಗ ಆಕೆ ಕೈಯಲ್ಲಿ ಪಾಕಿಸ್ತಾನದ ಪಾಸ್‌ಪೋರ್ಟ್ ಇತ್ತು, ಮೂರು ತಿಂಗಳ ವೀಸಾ ಇತ್ತು. ಗಂಡನ ಮನೆಗೆ ಬಂದ ನೆಂಟಳು.

ನಾನು ನಾಲ್ಕು ವರ್ಷ ಉರ್ದು ಸಾಲಿ ಕಲಿತವ. ಪಾಸ್‌ಪೋರ್ಟಿಗೆ ಅಂತ ಕರಾಚಿಯಲ್ಲಿ ಉರ್ದುವಿನಲ್ಲಿ ಬರೆಸಿದ ಅರ್ಜಿಯ ನಕಲು ಅದರೊಳಗೇ ಮಡಿಚಿಟ್ಟಿತ್ತು, ಓದಿದೆ. ‘ಹಿಂದುಸ್ತಾನದಲ್ಲಿ ವತನ್: ಇಲ್ಲ.’

"ಇದನ್ಯಾರು ಬರೆಸಿದ್ರು?"

"ನಾನ. ವತನ್ ಐತೇನು ಅಂದ್ರು. ವತನದ ಹೊಲ ಗೌಡ್ರಿಗೆ, ಕುಲಕರ್ಣ್ಯಾರಿಗೆ. ಪಿಂಜಾರ್ರಿಗೆ ಎಲ್ಲೀದು? ಇಲ್ರೀ ಅಂದೆ."

"ಉರ್ದುದಾಗ ವತನ್ ಅಂದ್ರ ಹುಟ್ಟಿದ ನಾಡು. ಅದು ಯಾವುದು ಅಂತ ಕೇಳ್ಯಾರ, ಹುಚ್ಚಿ."

ಮಸ್ತಾನಸಾಬ ಹತ್ತಿ ಹಿಂಜುತ್ತಲೇ ಅಂದ, "ಒಂದ್ ಸುಳ್ಳು ಹೇಳಿ ನಾಕೆಕರೆ ಬರೆಸಿದ್ರ ಎಲ್ಲಾ ನೆಟ್ಟಗಾಗ್ತಿತ್ತು ನೋಡು."

ನನಗೆ ನಗು ಬರಲಿಲ್ಲ. ಮರುದಿನ ಇಬ್ಬರನ್ನೂ ಎಳೆದುಕೊಂಡು ಲಿಂಗಸುಗೂರಿಗೆ ಹೋದೆ. ಕಚೇರಿಯ ಗುಮಾಸ್ತ ಎರಡು ದಾರಿ ಹೇಳಿದ. ಒಂದು, ಕರೀಮಾಬಿ ಇಲ್ಲಿಯಾಕೆ, ಪಾಸ್‌ಪೋರ್ಟ್ ತಪ್ಪಾಗಿ ಬಂದದ್ದು ಅಂತ ಅರ್ಜಿ ಹಾಕುವುದು. ಅದು ತಿರಸ್ಕಾರವಾದರೆ ವೀಸಾ ಮುಗಿದ ದಿನವೇ ಊರು ಬಿಡಬೇಕು. ಎರಡು, ಪಾಕಿಸ್ತಾನದಾಕೆ ಅಂತ ಒಪ್ಪಿ ದೀರ್ಘಾವಧಿಯ ವೀಸಾ ಕೇಳುವುದು. ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು, ಪೊಲೀಸರಲ್ಲಿ ಹೆಸರು ಬರೆಸಬೇಕು, ಪಕ್ಕದ ಸಿಂಧನೂರಿಗೆ ಹೋಗಬೇಕಾದರೂ ಪರವಾನಿಗಿ ಬೇಕು.

ನಾನು ಮೇಜು ಗುದ್ದಿದೆ. "ಅರ್ಜಿ ಹಾಕ್ರಿ. ಈಕಿ ಮಸ್ಕಿಯಾಕಿ ಅಂತ ಇಡೀ ಊರು ಸಾಕ್ಷಿ ಹೇಳ್ತದ."

ಕರೀಮಾಬಿ ನನ್ನ ಕಡೆ ನೋಡಲಿಲ್ಲ. ಗುಮಾಸ್ತನನ್ನು ಕೇಳಿದಳು, "ದೊಡ್ಡ ವೀಸಾ ಕೇಳಿದ್ರ ಈ ಹೊತ್ತು ಮನಿಗೆ ಹೋಗಬಹುದೇನ್ರಿ?"

"ಹೋಗಬಹುದವ್ವಾ. ಜವಾಬು ಬರೂತನ ಅಲ್ಲೇ ಇರು."

"ಅದನ್ನ ಬರಕೋರಿ."

ಹೆಬ್ಬೆರಳೊತ್ತಿದಳು. ಹೊರಗೆ ಬಂದು ಬಾಯಿಗೆ ಬಂದಂತೆ ಬೈದೆ. ಆಕೆ ಸೆರಗಿನ ತುದಿಯಿಂದ ಬೆರಳಿನ ಮಸಿ ಒರೆಸಿಕೊಳ್ಳುತ್ತಿದ್ದಳು.

"ಅಮರಗುಂಡಣ್ಣ, ಗೆದ್ರ ನಿನಗ ಹೆಸರು. ಸೋತ್ರ ನಾ ಕರಾಚಿಗೆ."



ವೀಸಾ ಬಂತು. ಮತ್ತೆ ಹತ್ತಿ ಹಿಂಜುವ ಬಿಲ್ಲಿನ ಸಪ್ಪಳ, ಮತ್ತೆ ಗಾದಿ. ಸಿಂಧನೂರಿನಲ್ಲಿ ತಂಗಿ ಆದಮ್ಮನ ಮಗಳ ಲಗ್ನಕ್ಕೆ ಪರವಾನಿಗಿ ಸಿಕ್ಕಾಗ ಲಗ್ನವಾಗಿ ನಾಲ್ಕು ದಿನವಾಗಿತ್ತು. ಕಾಗದ ಓದಿ ಹೇಳಿದೆ. "ಹೌದೇನು" ಅಂದು ಸೂಜಿಗೆ ದಾರ ಪೋಣಿಸಿದಳು.

೧೯೫೬ರಲ್ಲಿ ವೀಸಾ ಹೊಸದು ಮಾಡಿಸಲು ಹೋದಾಗ ಬೇರೆ ಗುಮಾಸ್ತನಿದ್ದ. ತಲೆ ಎತ್ತದೆ ಕೇಳಿದ, "ವತನ್?"

"ಮಸ್ಕಿ" ಅಂದಳು.

ಅವನು ಪಾಸ್‌ಪೋರ್ಟ್ ತೆರೆದು ನೋಡಿ ‘ಕರಾಚಿ’ ಅಂತ ಬರೆದ. ನಾನು ಬಾಯಿ ತೆರೆದೆ. ಕರೀಮಾಬಿ ನನ್ನ ಅಂಗಿಯ ತೋಳು ಜಗ್ಗಿದಳು.

"ಬಸ್ಸಿನ ಹೊತ್ತಾತು, ನಡಿ ಅಣ್ಣಾ."