ಮ್ಯಾಟಿನ ಹೊಟ್ಟೆಗೊಂದು ಚೂರು ರೊಟ್ಟಿ

ಗ್ರೀನ್‌ಫರ್ಡ್‌ನ ನಮ್ಮ ಫ್ಲಾಟಿನ ಊಟದ ಮೇಜಿನ ಮೇಲೆ ಬಿಸಿ ಕುಕ್ಕರ್ ಇಟ್ಟು ಇಟ್ಟು ಬಿಳಿ ಉಂಗುರಗಳು ಬಿದ್ದಿದ್ದವು. ಕೊನೆಗೆ ಬ್ಯಾಟಿಂಗ್ ಎಂಬ, ಶಾಖ ತಡೆಯುವ ದಪ್ಪ ಪದರವನ್ನು ತರಿಸಿ, ಹಳೆಯ ಹತ್ತಿ ಸೀರೆಯ ಎರಡು ತುಂಡುಗಳ ನಡುವೆ ಅದನ್ನಿಟ್ಟು ಮ್ಯಾಟ್ ಹೊಲಿಯಲು ಕೂತೆ. ಮೂರು ಅಂಚು ಮುಗಿದಿದ್ದವು. ಧಾರವಾಡದಿಂದ ಬಂದಿದ್ದ ಅವ್ವ ನನ್ನ ಕೈ ತಡೆದಳು.

"ಹೊಟ್ಟಿ ತುಂಬಸಲಾರದ ಮುಚ್ಚತೀಯೇನ?"

ನಮ್ಮ ಕಡೆ ಹಳೆ ಬಟ್ಟೆ ಪದರಿಸಿ ಹೊದೆಯುವ ಕೌದಿ ಹೊಲಿದು ಮುಗಿಸುವ ಮುನ್ನ, ಅದರ ಹೊಟ್ಟೆ ತುಂಬಲೆಂದು ಒಳಗೆ ಒಂದು ಚೂರು ರೊಟ್ಟಿ ಇಡುತ್ತಾರೆ.

"ಇದು ಕೌದಿ ಅಲ್ಲಬೇ, ಇದರ ಮ್ಯಾಲೆ ಕುಕ್ಕರ್ ಇಡೂದು," ಎಂದು ರೇಗಿದೆ.

"ದಿನಾ ಊಟ ಹೊರೂದನ್ನ ಉಪಾಸ ಕೆಡವತೀಯೇನ?" ಎಂದವಳೇ ಜೋಳದ ರೊಟ್ಟಿಯ ಚೂರೊಂದನ್ನು ಬ್ಯಾಟಿಂಗಿನ ಮೇಲೆ, ಸೀರೆಯ ಬಟ್ಟೆಯ ಅಡಿಗೆ ತುರುಕಿದಳು. ಅವಳೊಂದಿಗೆ ವಾದಿಸಿ ಗೆದ್ದವರಿಲ್ಲ. ಸಿಟ್ಟಿನಲ್ಲೇ ಹೊಲಿದು ಮುಚ್ಚಿದೆ.

ಮರುದಿನ ಒಲೆಯಿಂದ ಇಳಿಸಿದ ಕುಕ್ಕರನ್ನು ಅದರ ಮೇಲಿಟ್ಟೆ. ಮ್ಯಾಟಿನ ಕೆಳಗೆ ಕೈಯಾಡಿಸಿದರೆ ಮೇಜು ತಣ್ಣಗಿತ್ತು. ಮೇಲಿನಿಂದ ಮಾತ್ರ ರೊಟ್ಟಿ ಸುಡುವ ಘಮ ಏಳತೊಡಗಿತು.

ಮಗಳು ತನ್ನ ಕೋಣೆಯಿಂದ ಕೂಗಿದಳು: "ಮಮ್, ಆರ್ ಯು ಮೇಕಿಂಗ್ ಟೋಸ್ಟ್?"

ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಸೋತೆನೆಂದು ನೇರವಾಗಿ ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ.

"ಇಲ್ಲವಾ," ಎಂದು ಮಗಳಿಗೆ ಕೂಗಿದೆ, "ಮ್ಯಾಟ್ ಉಣ್ಣಾಕತ್ತೇತಿ."