ಬಾಯಿ ಜೋರಿನ ಡಾಕ್ಟರಮ್ಮ

ಡಾಕ್ಟರಮ್ಮನ ಮೊಣಕೈಯಿಂದ ಯಾವಾಗಲೂ ನೀರು ತೊಟ್ಟಿಕ್ಕುತ್ತಿತ್ತು. ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವಾಗ ಕೈ ತೊಳೆಯುವರು, ಒರೆಸಿಕೊಳ್ಳಲು ಪುರಸೊತ್ತಿಲ್ಲದೆ ಕೊಡವುವರು. ಹಡಗಲಿಯ ಆ ಹೆರಿಗೆ ವಾರ್ಡಿನಲ್ಲಿ ಬಂದವರಿಗೆಲ್ಲ ಅವರು ಹೇಳುತ್ತಿದ್ದುದು ಒಂದೇ: "ನಾಚಿಕಿ ಮನ್ಯಾಗ ಬಿಟ್ಟು ಬರ್ರಿ."

ಅಕ್ಕನ ಅತ್ತೆ ಬಿಟ್ಟು ಬಂದಿರಲಿಲ್ಲ. ಅಕ್ಕನಿಗೆ ಅದು ಎರಡನೆಯ ಹೆರಿಗೆ. ಹೆಣ್ಣು ಕೂಸು ಹುಟ್ಟಿತ್ತು. ಬಾಣಂತಿಯ ಬಟ್ಟೆ ಪರರ ಕಣ್ಣಿಗೆ ಬೀಳಬಾರದೆಂಬುದು ಅವರ ಮನೆಯ ಕಟ್ಟಳೆ. ತೊಯ್ದ ಅರಿವೆಯನ್ನೆಲ್ಲ ಅತ್ತೆ ಸೆರಗಿನಲ್ಲಿ ಮುಚ್ಚಿ ಒಯ್ದು ಒಗೆಯುತ್ತಿದ್ದರು. ಅಕ್ಕ ನಿದ್ದೆ ಹೋಗಿದ್ದಾಳೆಂದೇ ಎಲ್ಲರೂ ತಿಳಿದಿದ್ದೆವು.

ಡಾಕ್ಟರಮ್ಮ ಬಂದು ಅಕ್ಕನ ರೆಪ್ಪೆ ಎತ್ತಿ ನೋಡಿದರು.

"ಅರಿವಿ ಎಷ್ಟು ತೊಯ್ದಾವು?"

"ಏನಿಲ್ರಿ, ಹೆಂಗಸ್ರಿಗೆ ಆಗೋದ," ಎಂದರು ಅತ್ತೆ.

"ತೋರಸ್ರಿ."

"ಒಗದುಬಿಟ್ಟೀನ್ರಿ. ಗಂಡಸ್ರು ಓಡಾಡೋ ಜಾಗ..."

"ಸೊಸಿ ಜೀವ ಹೊಂಟೈತಿ, ನಿಮಗ ಮರ್ಯಾದಿ ಚಿಂತಿ!"

ಆ ಕೂಗಿಗೆ ವಾರ್ಡೇ ಎದ್ದು ಕೂತಿತು. ಇಂಜೆಕ್ಷನ್ ಕೊಟ್ಟರೂ ರಕ್ತ ನಿಲ್ಲಲಿಲ್ಲ. ಹೊಸಪೇಟೆಗೆ ಒಯ್ಯಬೇಕಾದಾಗ ಡಾಕ್ಟರಮ್ಮನೇ ನಮ್ಮೊಂದಿಗೆ ಆಂಬುಲೆನ್ಸ್ ಹತ್ತಿದರು. ದಾರಿಯುದ್ದಕ್ಕೂ ಅಕ್ಕನ ಹೊಟ್ಟೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದರು. ಹಗರಿಬೊಮ್ಮನಹಳ್ಳಿಯ ರಸ್ತೆಯುಬ್ಬುಗಳಲ್ಲಿ ತಲೆ ಗಾಡಿಗೆ ಬಡಿದರೂ ಕೈ ಸಡಿಲಿಸಲಿಲ್ಲ.

"ಕಣ್ಣ ತಗೀಬೇ. ಮಗಳಿಗೆ ಏನ್ ಹೆಸರಿಡ್ತಿ?"

"ಅತ್ತಿ... ಹೇಳ್ತಾರ್ರಿ."

"ಅತ್ತಿ ಇಲ್ಲಿಲ್ಲ. ಬೈಯೋದಿದ್ರ ಈಗ ಬೈದುಬಿಡು!"

ಅಕ್ಕನ ತುಟಿ ಅಲುಗಿತು. ನಗುವೋ, ಕೊನೆಯ ಉಸಿರೋ ತಿಳಿಯದೆ ಆ ತುಟಿಯನ್ನೇ ನೋಡುತ್ತಿದ್ದೆ. ಕಾಲೇಜಿನಲ್ಲಿ ಪಾಠ ಮಾಡುವಾಗಲೂ ಒಮ್ಮೊಮ್ಮೆ ಅದೇ ಕಣ್ಣಮುಂದೆ ಬಂದು ಮಾತು ತಡವರಿಸುತ್ತದೆ.

ಅಕ್ಕ ಉಳಿದಳು. ತೊಟ್ಟಿಲ ದಿನ ಹಿರೇಹಡಗಲಿಯ ತಮ್ಮ ಮನೆಯಲ್ಲಿ ಅತ್ತೆ ಬಂದವರಿಗೆಲ್ಲ ಹೇಳಿದರು: "ದೇವ್ರು ಕಾಯ್ದ. ಆ ಡಾಕ್ಟರಮ್ಮ ಬರೇ ಬಾಯಿಬಡಕಿ. ನಾಕ್ ಮಂದ್ಯಾಗ ನನ್ನ ಮಾನ ಕಳದ್ಲು." ಎಲ್ಲರೂ ತಲೆದೂಗಿದರು, ಅಕ್ಕನ ಗಂಡನೂ. ನಾನು ಊಟದಿಂದ ಎದ್ದೆ.

ಮರುದಿನ ಆಸ್ಪತ್ರೆಗೆ ಹೋಗಿ ಡಾಕ್ಟರಮ್ಮನಿಗೆ ಕೈಮುಗಿದೆ.

"ಅದೆಲ್ಲ ಬ್ಯಾಡವಾ. ರಕ್ತ ತುಂಬಾಕ ಗುಳಗಿ ಕೊಟ್ಟಿದ್ದೆ, ನುಂಗ್ತಾಳೇನು?"

"ಬಾಣಂತಿಗೆ ಉಷ್ಣ ಅಂತ ಅತ್ತಿ ಕೊಡವಲ್ಲರ್ರಿ."

ಈ ಸಲ ಅವರು ಕೂಗಲಿಲ್ಲ. ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡರು. "ನಾ ಎಲ್ಲೀ ತನಕ ಒತ್ತಿ ಹಿಡೀಲಿ ಹೇಳು?"

ಈಗ ಕಾಲೇಜು ಬಿಟ್ಟೊಡನೆ ಹಿರೇಹಡಗಲಿಯ ಬಸ್ಸು ಹತ್ತುತ್ತೇನೆ. ಅತ್ತೆ ಗೊಣಗುತ್ತಾರೆ. ಗುಳಿಗೆ ಅಕ್ಕನ ಗಂಟಲಿಳಿಯುವ ತನಕ ಅವರಿಬ್ಬರ ನಡುವೆ ನಿಂತಿರುತ್ತೇನೆ.